ಮಾರ್ಜಾಲರಾಜ್ಯದ ಕೋಷ್ಠಾಗಾರ ಮೀಮಾಂಸೆ

ಬೆಕ್ಕಿನ ಮರಿಗಳೇ ಪ್ರಜೆಗಳಾಗಿ, ಚಿತ್ರದ ಸೋಂಕಿಲ್ಲದೆ ಬಹುಮಟ್ಟಿಗೆ ಅಕ್ಷರಗಳಿಂದಲೂ ಅಂಕಿಗಳಿಂದಲೂ ಗಣಕದ ತೆರೆಯ ಮೇಲೆ ನಿರ್ಮಿತವಾದ ರಾಜ್ಯವೊಂದುಂಟು. 'ಕಿಟನ್ಸ್ ಗೇಮ್' ಎಂಬ ಆ ಆಟದಲ್ಲಿ, ಆಡುವವನು ಮೊದಲು ಬಟನ್ನನ್ನು ಒತ್ತಿ ಒತ್ತಿ ಕ್ಯಾಟ್‌ನಿಪ್ ಎಂಬ ಸೊಪ್ಪನ್ನು ಕೂಡಿಸಿ, ಹತ್ತು ಸೊಪ್ಪಿಗೆ ಒಂದು ಹೊಲವನ್ನು ಸಂಪಾದಿಸಿ, ಅನಂತರ ಕೈಕಟ್ಟಿ ಕುಳಿತರೂ ಐಶ್ವರ್ಯವು ತಾನಾಗಿಯೇ ವೃದ್ಧಿಹೊಂದುವುದನ್ನು ಕಂಡು ಧನ್ಯನಾಗುವನು. ನೂರು ಸೊಪ್ಪನ್ನು ಸಂಸ್ಕರಿಸಿದರೆ ಒಂದು ಮರವಾಗುತ್ತದೆ. ಸಸ್ಯಶಾಸ್ತ್ರಜ್ಞರು ಇದನ್ನು ಒಪ್ಪಲಾರರು, ಆದರೆ ಅವರ ಒಪ್ಪಿಗೆಯನ್ನು ಯಾರೂ ಬೇಡಿಲ್ಲ. ಐದು ಮರಕ್ಕೆ ಒಂದು ಗುಡಿಸಲು, ಗುಡಿಸಲಿಗೆ ಎರಡು ಮರಿಗಳು.

ಇಷ್ಟು ಸುಲಭವಾದ ಭೋಗಕ್ಕೆ ಇರುವ ಏಕೈಕ ವಿಘ್ನವು ದಾರಿದ್ರ್ಯವಲ್ಲ, ಸ್ಥಳಾಭಾವ. ಕಣಜವಿಲ್ಲದ ರಾಜ್ಯದಲ್ಲಿ ಸೊಪ್ಪಿಗೆ 5,000, ಮರಕ್ಕೆ 200 ಪರಮಾವಧಿ. ಅದನ್ನು ಮುಟ್ಟಿದ ಕ್ಷಣದಿಂದ, ಮರ ಕಡಿಯುವ ಮರಿಗಳು ಎಷ್ಟೇ ಶ್ರದ್ಧೆಯಿಂದ ಕಡಿಯುತ್ತಿರಲಿ, ಅವುಗಳ ದುಡಿಮೆಯೆಲ್ಲ ಸದ್ದಿಲ್ಲದೆ ಶೂನ್ಯದಲ್ಲಿ ಲೀನವಾಗುತ್ತದೆ. ಅಂಕಿ ನಿಂತಲ್ಲೇ ನಿಂತಿರುತ್ತದೆ. ಆಲಸ್ಯಕ್ಕೆಂದೇ ರಚಿತವಾದ ಆಟವು ಆಲಸಿಯನ್ನು ಉಗ್ರಾಣದ ಪಾರುಪತ್ಯಗಾರನನ್ನಾಗಿ ಮಾಡಿ, ನಡುರಾತ್ರಿಯಲ್ಲಿ ಎಬ್ಬಿಸಿ ಲೆಕ್ಕ ನೋಡಿಸುವ ಪರಿ ಇದು.

ಸಂಚಯವಾದಿಗಳು ಇಲ್ಲಿ ಕೌಟಿಲ್ಯನನ್ನು ಕರೆತರುವರು. ಮೈಸೂರಿನ ಶಾಮಾಶಾಸ್ತ್ರಿಗಳು 1909ರಲ್ಲಿ ಮುದ್ರಿಸಿ ಬೆಳಕಿಗೆ ತಂದ ಅರ್ಥಶಾಸ್ತ್ರದಲ್ಲಿ, ಕೋಷ್ಠಾಗಾರದ ಅರ್ಧಭಾಗವನ್ನು ಜನಪದದ ಆಪತ್ತಿಗೆಂದು ತೆಗೆದಿರಿಸಿ ಉಳಿದರ್ಧವನ್ನು ಮಾತ್ರ ಬಳಸತಕ್ಕುದೆಂದು ವಿಧಿಯುಂಟಷ್ಟೆ. ಮಾರ್ಜಾಲರಾಜ್ಯದ ಆಪತ್ತು ಚಳಿಗಾಲ: ಆಗ ಹೊಲದ ಇಳುವರಿ ಕಾಲುಭಾಗಕ್ಕೆ ಇಳಿಯುತ್ತದೆ, ಸೊಪ್ಪು ಬರಿದಾದರೆ ಮರಿಗಳು ಹಸಿವಿನಿಂದ ಸಾಯುತ್ತವೆ. ಆದರೆ ಅಲ್ಲಿಯ ನೂರು ದಿನಗಳ ಚಳಿಗಾಲವು ನಮ್ಮ ಗಡಿಯಾರದಲ್ಲಿ ಸುಮಾರು 200 ಸೆಕೆಂಡು, ಕಾಫಿಯ ಡಿಕಾಕ್ಷನ್ ಇಳಿಯುವುದಕ್ಕೂ ಸಾಲದ ಅವಧಿ, ಎಂಬುದನ್ನು ಕೌಟಿಲ್ಯನು ಗಣಿಸಿದಂತೆ ತೋರದು.

ಇನ್ನು ಪ್ರಕೃತಕ್ಕೆ ಬರೋಣ. ಕಣಜವೊಂದು ಮರದ ಪರಿಮಿತಿಯನ್ನು 200ರಷ್ಟು ಏರಿಸುತ್ತದೆ. ಮೊದಲನೆಯ ಕಣಜಕ್ಕೆ ತಗಲುವುದು 50 ಮರ, ಮುಂದಿನ ಪ್ರತಿಯೊಂದಕ್ಕೂ ಹಿಂದಿನದರ ಒಂದೂಮುಕ್ಕಾಲು ಪಾಲು. ಪರಿಮಿತಿಯು ಸಾವಧಾನವಾಗಿ ಮೆಟ್ಟಿಲೇರುತ್ತಿರಲು ಬೆಲೆಯು ಜಿಗಿಯುತ್ತ ಹೋಗುತ್ತದೆ. ಇವೆರಡೂ ಎಲ್ಲಿ ಸಂಧಿಸುತ್ತವೆಯೋ ಅಲ್ಲಿಯೇ ಈ ಶಾಸ್ತ್ರದ ಹೃದಯವಿದೆ: ಆರು ಕಣಜಗಳುಳ್ಳವನು 1,400 ಮರವನ್ನು ಮಾತ್ರ ಇಟ್ಟುಕೊಳ್ಳಬಲ್ಲನು, ಏಳನೆಯ ಕಣಜವೋ 1,436ಕ್ಕೂ ತುಸು ಹೆಚ್ಚನ್ನು ಬೇಡುತ್ತದೆ. ಮೂವತ್ತಾರು ಮರ ಇಡಲು ಜಾಗವಿಲ್ಲದ್ದರಿಂದ ಜಾಗವನ್ನು ಕಟ್ಟಲಾಗದು; ಜಾಗವನ್ನು ಕಟ್ಟದೆ ಆ ಮೂವತ್ತಾರನ್ನು ಇಡಲಾಗದು. ನೈಯಾಯಿಕರು ಅನ್ಯೋನ್ಯಾಶ್ರಯ ದೋಷಕ್ಕೆ ಇದಕ್ಕಿಂತ ಶುದ್ಧವಾದ ಉದಾಹರಣೆಯನ್ನು ಎಲ್ಲಿ ಹುಡುಕಿಯಾರು?

ಪರಿಹಾರವು ಸಂಪತ್ತಿನ ರೂಪಾಂತರದಲ್ಲಿದೆ. ಕಾರ್ಯಾಗಾರದಲ್ಲಿ 175 ಮರವನ್ನು ಒಂದು ತೊಲೆಯಾಗಿ ಕೊಯ್ಯಬಹುದು. 1,400 ಮರವು, ಶೇಷವೇ ಉಳಿಯದಂತೆ, ಎಂಟು ಸಲದ ಕೊಯ್ತಕ್ಕೆ ಒದಗುತ್ತದೆ, ತುಂಬಿ ತುಳುಕುತ್ತಿದ್ದ ಕಣಜಗಳು ಕ್ಷಣಾರ್ಧದಲ್ಲಿ ಬರಿದಾಗುತ್ತವೆ. ಹೀಗಾದ ತೊಲೆಗಳೂ 250 ಖನಿಜಕ್ಕೊಂದರಂತೆ ಮಾಡಿದ ಚಪ್ಪಡಿಗಳೂ ಸೇರಿ ಗೋದಾಮಾಗುತ್ತವೆ. ಒಂದು ಗೋದಾಮು 150 ಮರಕ್ಕೆ ಎಡೆಗೊಟ್ಟು, ಏಳನೆಯ ಕಣಜದ ಗಂಟನ್ನು ಬಿಡಿಸುತ್ತದೆ. ಆದುದರಿಂದ ಮಲಗುವ ಮುನ್ನ ಮರವನ್ನೆಲ್ಲ ತೊಲೆಯಾಗಿಸಿ ಮಲಗುವವನೇ ಜಾಣನು. ತುಂಬಿದ ಕಣಜವನ್ನು ನೋಡಿ ಹಿಗ್ಗುತ್ತ ಮಲಗುವವನು ಬೆಳಗಾದ ಮೇಲೂ ಅಷ್ಟನ್ನೇ ನೋಡುವನು.

ಇಲ್ಲಿ ಒಂದು ಸಂದೇಹ ಏಳುವುದು ಸಹಜ. ತೊಲೆಗೆ ಪರಿಮಿತಿಯಿಲ್ಲ. ಎರಡು ಸಾವಿರ ಮರಕ್ಕೆ ಎಡೆಯಿಲ್ಲದ ರಾಜ್ಯದಲ್ಲಿ ಹತ್ತು ಸಾವಿರ ತೊಲೆಗಳು ನಿರಾತಂಕವಾಗಿ ನೆಲಸುವುವು. ಎಲ್ಲಿ? ತೊಲೆಗಳು ಸಂಕಲ್ಪಮಾತ್ರವಾಗಿ ಇರುವುವೆಂದು ವಾದಿಸಬಹುದು. ನನ್ನ ಮತದಲ್ಲಿ ಅವು ಹೊರಗೆ ಬಯಲಲ್ಲೇ ಬಿದ್ದಿರುವುವು. ಹಾಗಾದರೆ ಮರವನ್ನೂ ಬಯಲಲ್ಲೇ ಒಟ್ಟಬಹುದಿತ್ತಲ್ಲ ಎಂದು ಕೇಳುವವರು ಈ ಶಾಸ್ತ್ರಕ್ಕೆ ಅಧಿಕಾರಿಗಳಲ್ಲ.