ನ್ಯಾಯದ ದೊಡ್ಡಪ್ಪ

ಕಡೂರು ಸೀಮೆಯಲ್ಲಿ ಮಳೆ ಕಾಣದ ಊರು ಇದ್ದೀತು, ನ್ಯಾಯದ ದೊಡ್ಡಪ್ಪನಿಲ್ಲದ ಊರಿಲ್ಲ. ನಮ್ಮ ಸಿಂಗಟಗೆರೆಯವನನ್ನು ನೋಡಿಬಿಟ್ಟರೆ ಉಳಿದವರನ್ನು ಹುಡುಕಿಕೊಂಡು ಹೋಗುವ ಅಗತ್ಯವಿಲ್ಲ. ಹೆಗಲ ಮೇಲೆ ಮಡಿಕೆ ಕೆಡದ ಟವೆಲ್ಲು, ಸೊಂಟದಲ್ಲಿ ಎಲೆಅಡಿಕೆ ಚೀಲ, ಬಾಯಲ್ಲಿ ‘ಆಯ್ತು, ಈಗ ನಾನ್ ಹೇಳೋದು ಕೇಳ್ರಿ’ ಎಂಬ ಮಾತು. ಯಾರಿಗೆ ದೊಡ್ಡಪ್ಪ ಎಂದು ಯಾರೂ ಕೇಳುವುದಿಲ್ಲ. ಜಗಳವಾಡುವವರಿಗೆಲ್ಲ ಅವನು ದೊಡ್ಡಪ್ಪನೇ.

ಬದು ಒತ್ತುವರಿ, ಪಕ್ಕದ ತೋಟಕ್ಕೆ ಬಾಗಿದ ತೆಂಗಿನಮರದ ಕಾಯಿ, ಬೋರ್‌ವೆಲ್ ನೀರಿನ ಸರದಿ, ತವರಿಗೆ ಹೋದ ಸೊಸೆ ಯಾವ ಷರತ್ತಿನ ಮೇಲೆ ವಾಪಸ್ಸು ಎಂಬುದೆಲ್ಲ ಒಂದು ಕಾಲಕ್ಕೆ ಅವನ ಮುಂದೆಯೇ ಇತ್ಯರ್ಥ ಆಗಬೇಕಿತ್ತು. ಈಗಿನವರಿಗೆ ಅಷ್ಟು ತಾಳ್ಮೆಯಿಲ್ಲ. ಬದು ಕೆದಕಿದರೆ ಸೀದಾ ಸರ್ವೆಗೆ ಅರ್ಜಿ ಹಾಕುತ್ತಾರೆ, ಮಾತು ಮುರಿದರೆ ವಾಟ್ಸಾಪಿನಲ್ಲಿ ಬ್ಲಾಕ್ ಮಾಡುತ್ತಾರೆ. ಕಲ್ಲೇಶ್ವರನ ಗುಡಿ ಮುಂದೆ ಕೂತು ಹೋಗಿಬರುವವರ ಮುಖದಲ್ಲಿ ಏನಾದರೂ ಮನಸ್ತಾಪ ಕಾಣುತ್ತದೆಯೇ ಎಂದು ನೋಡುವುದಷ್ಟೇ ದೊಡ್ಡಪ್ಪನಿಗೆ ಉಳಿದಿತ್ತು. ಕಸುಬು ಹೀಗೆ ಒಣಗಿದ್ದ ಹೊತ್ತಿಗೆ ಊರಿಗೆ ಚಾರ್ಲಿ ಬಂದ.

2022ರಲ್ಲಿ ‘777 ಚಾರ್ಲಿ’ ಸಿನಿಮಾ ಬಂದಮೇಲೆ ಲ್ಯಾಬ್ರಡಾರ್ ಮರಿಗೆ ಹೆಸರು ಹುಡುಕುವ ಕಷ್ಟ ತಪ್ಪಿದೆ. ಸಿನಿಮಾದ ಚಾರ್ಲಿ ಹೆಣ್ಣು, ಇವನು ಗಂಡು ಎಂಬುದನ್ನು ಯಾರೂ ಲೆಕ್ಕಕ್ಕಿಟ್ಟಿರಲಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಒಂದು ಸೋಫಾದ ಕಾಲು, ಎರಡು ಚಾರ್ಜರ್ ವೈರು ಮತ್ತು ಪಕ್ಕದ ಮನೆಯವರ ಸಹನೆಯನ್ನು ತಿಂದು ಮುಗಿಸಿದ ಮೇಲೆ, ಸಾಫ್ಟ್‌ವೇರ್ ಮಗರಾಯ ಅವನನ್ನು ಕಾರಲ್ಲಿ ಹಾಕಿಕೊಂಡು ಅಪ್ಪನ ತೋಟದ ಮನೆಗೆ ತಂದ. ‘ಹಳ್ಳಿ ಗಾಳಿ ಕುಡ್ಕೊಂಡು ಬೆಳೀಲಿ ಬಿಡಮ್ಮ’ ಎಂದ. ಬೆಂಗಳೂರಿಗೆ ಬೇಡವಾದದ್ದೆಲ್ಲ ಹಳ್ಳಿಗೆ ಬರುವುದು ಹೀಗೇ.

ಆ ಮನೆಯಲ್ಲಿ ಮೊದಲೇ ಕರಿಯ ಇದ್ದ. ಕುರಿಹಟ್ಟಿಯಿಂದ ತಂದ ನಾಟಿ ನಾಯಿ. ಎಂಟು ವರ್ಷದಿಂದ ತೆಂಗಿನ ತೋಟಕ್ಕೆ ಕಾವಲು. ನೀರೊಲೆ ಪಕ್ಕದ ಬೂದಿ ಅವನ ಸ್ವಂತ ಜಾಗ. ಕಾರಿನ ಬಾಗಿಲು ತೆಗೆದದ್ದೇ ತಡ, ಚಾರ್ಲಿ ಹಾರಿಬಂದು ಕರಿಯನ ಮುಖ ನೆಕ್ಕಿ, ಕಿವಿ ಕಚ್ಚಿ, ಬೂದಿಯ ಮೇಲೆ ಹೋಗಿ ಕಾಲು ಚಾಚಿ ಮಲಗಿಬಿಟ್ಟ. ಕರಿಯ ಗುರ್ರೆಂದ. ಮಗ ‘ಅಯ್ಯೋ ಬೈಟ್ ಮಾಡುತ್ತೆ’ ಎಂದು ಕೂಗಿದ. ಮನೆಯಾಕೆ ಮರಿಯನ್ನು ಎತ್ತಿಕೊಂಡು ಕರಿಯನಿಗೆ ಪೊರಕೆ ತೋರಿಸಿದರು. ಆ ರಾತ್ರಿ ಕರಿಯ ಮುದ್ದೆ ಮೂಸಲಿಲ್ಲ, ತೋಟದ ಕೊನೆಯ ಮರದ ಬುಡಕ್ಕೆ ಹೋಗಿ ಮಲಗಿದ.

ಬೆಳಗಿನ ಕಾಫಿಗೆ ಮೊದಲೇ ದೊಡ್ಡಪ್ಪ ಹಾಜರು. ‘ಇದು ನಾಯಿ ವಿಷಯ ಅಲ್ಲ ಕಣಮ್ಮ, ಪಾಲಿನ ವಿಷಯ’ ಎಂದು ಜಗಲಿ ಮೇಲೆ ಕೂತು ಮೊದಲು ಕಾಗದಪತ್ರ ಕೇಳಿದ. ಚಾರ್ಲಿಯ ಕಡೆಯಿಂದ ಲಸಿಕೆ ಪುಸ್ತಕ ಹಾಜರಾಯಿತು. ಪಾರ್ವೊ, ಡಿಸ್ಟೆಂಪರ್, ರೇಬಿಸ್, ಒಂದೊಂದಕ್ಕೂ ಚೀಟಿ, ಸೀಲು, ಸಹಿ. ಕರಿಯನ ಕಡೆಯಿಂದ ಏನೂ ಇಲ್ಲ. ದೊಡ್ಡಪ್ಪ ತಲೆ ಕೊಡವಿದ. ‘ಎಂಟು ವರ್ಷ ಅನುಭವದಲ್ಲಿದ್ದಾನೆ, ಪಹಣಿ ಮಾತ್ರ ಇಲ್ಲ. ಬಗರ್‌ಹುಕುಂ ಕೇಸು. ಮೊದಲು ಇವನ ದಾಖಲೆ ಸರಿ ಮಾಡ್ಸಿ.’ ಕರಿಯನನ್ನು ಗೂಡ್ಸ್ ಆಟೋದಲ್ಲಿ ಪಶು ಆಸ್ಪತ್ರೆಗೆ ಒಯ್ದು ಸೂಜಿ ಹಾಕಿಸಿದರು. ಡಾಕ್ಟರು ಮರಿಯನ್ನೂ ನೋಡಿ, ‘ನಾಲ್ಕು ತಿಂಗಳು ಆಗಿದೆ, ಹಾಲುಹಲ್ಲು ಬೀಳೋ ಕಾಲ, ಸಿಕ್ಕಿದ್ದೆಲ್ಲ ಕಚ್ಚುತ್ತೆ. ಬೆಳೆದ ಮೇಲೆ 30 ಕಿಲೋ ತೂಗುತ್ತೆ. ಬುದ್ಧಿ ಹೇಳೋದಿದ್ರೆ ಕರಿಯ ಈಗಲೇ ಹೇಳಬೇಕು’ ಎಂದರು. ದೊಡ್ಡಪ್ಪ, ತಾನು ಹೇಳಿಕೊಟ್ಟಿದ್ದನ್ನು ಡಾಕ್ಟರು ಸರಿಯಾಗಿ ಒಪ್ಪಿಸಿದರು ಎಂಬಂತೆ ತಲೆದೂಗಿದ.

ಮೊದಲ ತೀರ್ಪು ಜಾಗದ್ದು. ‘ಒಬ್ಬರ ಜಗಲಿ ಮೇಲೆ ನ್ಯಾಯ ಸೇರಿಸಬಾರದು. ಕಾಫಿ ಕೊಟ್ಟೋರ ಕಡೆಗೇ ವಾಲುತ್ತೆ. ಇಬ್ಬರದ್ದೂ ಅಲ್ಲದ ಜಾಗ ಬೇಕು. ಕೆರೆ ಏರಿ ಮೇಲೆ ಸೇರ್ಸಿ.’ ಎರಡನೆಯದು ಕೂರಿಸುವ ಕ್ರಮದ್ದು. ‘ಎದುರುಬದುರು ನಿಲ್ಲಿಸಿದ್ರೆ ಕಣ್ಣಿಗೆ ಕಣ್ಣು ಬಿದ್ದು ಹಳೇದೆಲ್ಲ ನೆನಪಾಗುತ್ತೆ. ಇಬ್ಬರನ್ನೂ ಒಂದೇ ದಿಕ್ಕಿಗೆ ನಡೆಸ್ರಿ, ಮಧ್ಯೆ ಹತ್ತು ಮಾರು ಬಿಟ್ಟು. ನಡೀತಾ ನಡೀತಾ ಅಂತರ ಕಮ್ಮಿ ಮಾಡ್ರಿ.’

ಚಾರ್ಲಿಗೆ ಬೆಲ್ಟು, ಬಕಲ್ಲು, ಹೊಳೆಯುವ ದಾರ ಎಲ್ಲ ಇತ್ತು. ಕರಿಯ ಜನ್ಮದಲ್ಲಿ ಹಗ್ಗ ಕಂಡವನಲ್ಲ. ಕರುವಿನ ಕಣ್ಣಿಯನ್ನೇ ಅವನ ಕೊರಳಿಗೆ ಹಾಕಿದರು. ಸಂಜೆ ಕೆರೆ ಏರಿ ಮೇಲೆ ಮೆರವಣಿಗೆ ಹೊರಟಿತು. ಮುಂದೆ ಟವೆಲ್ಲು ಕೊಡವುತ್ತ ದೊಡ್ಡಪ್ಪ, ಹಿಂದೆ ಎರಡು ನಾಯಿ, ಅದರ ಹಿಂದೆ ಅರ್ಧ ಊರು. ಬೆಂಗಳೂರಿನ ಹುಡುಗ ವಿಡಿಯೊ ಮಾಡುತ್ತಿದ್ದ. ಏರಿಯ ಕೊನೆ ಮುಟ್ಟುವ ಹೊತ್ತಿಗೆ ಹತ್ತು ಮಾರು ಎರಡು ಮಾರಾಗಿತ್ತು. ಕರಿಯ ಮರಿಯ ಹಿಂಭಾಗ ಮೂಸಿ, ಇದಕ್ಕಿಂತ ಹೆಚ್ಚಿನದೇನೂ ಇಲ್ಲಿ ತಿಳಿಯುವುದಿಲ್ಲ ಎಂಬಂತೆ ಮುಖ ತಿರುಗಿಸಿದ.

ಮಾರನೆಯ ದಿನ ಮನೆಯಲ್ಲಿ ಚಾರ್ಲಿ ಬಾಲಕ್ಕೆ ಬಾಯಿ ಹಾಕಿದಾಗ ಕರಿಯ ಮತ್ತೆ ಗುರ್ರೆಂದ. ಹುಡುಗ ಗದರಿಸಲು ಹೋದ. ದೊಡ್ಡಪ್ಪ ಕೈ ಅಡ್ಡ ಹಿಡಿದ. ‘ಬೈಕೊಳ್ಳಲಿ ಬಿಡೋ. ನಲವತ್ತು ವರ್ಷದಿಂದ ನೋಡ್ತಾ ಇದ್ದೀನಿ, ಬೈಯೋನು ಹೊಡೆಯಲ್ಲ. ಬಾಯಿ ಮುಚ್ಚಿಸಿದ್ರೆ ಮುಂದಿನ ಸಲ ಹೇಳ್ದೆ ಕೇಳ್ದೆ ಕೈ ಎತ್ತುತ್ತಾನೆ.’ ಈ ಮಾತು ಕೇಳಿದ ಡಾಕ್ಟರು ಬೆರಗಾದರಂತೆ. ಗುರ್ರೆನ್ನುವುದು ನಾಯಿ ಕೊಡುವ ಎಚ್ಚರಿಕೆ. ಅದನ್ನು ಹೊಡೆದು ಬಿಡಿಸಿದರೆ ಎಚ್ಚರಿಕೆ ಹೋಗುತ್ತದೆ, ಕಚ್ಚುವುದು ಉಳಿಯುತ್ತದೆ. ಅವರು ಪುಸ್ತಕ ಓದಿ ಕಲಿತದ್ದನ್ನು ದೊಡ್ಡಪ್ಪ ದಾಯಾದಿಗಳನ್ನು ನೋಡಿ ಕಲಿತಿದ್ದ.

ಕಠಿಣವಾದದ್ದು ಊಟದ ಪ್ರಶ್ನೆ. ಮನೆಯಾಕೆ ಸಮಪಾಲು ಎಂದು ಒಂದೇ ಬೋಗುಣಿಗೆ ಹಾಲನ್ನ ಸುರಿದಿದ್ದರು. ದೊಡ್ಡಪ್ಪ ಹೌಹಾರಿದ. ‘ಮೈಲಾರಲಿಂಗನ ಜಾತ್ರೇಲಿ ಗೊರವಯ್ಯಗಳು ದೋಣಿ ತುಂಬ್ಸೋದು ನೋಡಿಲ್ವಾ? ಹಾಲು, ಬಾಳೆಹಣ್ಣು ಹಾಕಿಟ್ಟು, ನಾಯಿ ಥರ ಬೊಗಳ್ತಾ, ಕಿತ್ತಾಡ್ತಾ ಬಾಯಿ ಹಾಕಿ ತಿಂತಾರೆ. ಮನುಷ್ಯರೇ ಹಾಗಾಡುವಾಗ ನಾಯಿ ಸುಮ್ನಿರುತ್ತಾ? ದೋಣಿ ಬೇರೆ ಬೇರೆ ಮಾಡಿ, ಒಂದು ಈ ಮೂಲೆಗೆ, ಒಂದು ಆ ಮೂಲೆಗೆ.’ ಅದು ಆಯಿತು. ಮೊದಲು ಯಾರಿಗೆ ಇಡುವುದು? ‘ಪಾಪ, ಚಿಕ್ಕದು’ ಎಂದರು ಮನೆಯಾಕೆ.

ಅಲ್ಲಿದ್ದ ನಿವೃತ್ತ ಮೇಷ್ಟ್ರು ಆತಕೂರು ಶಾಸನವನ್ನು ಎತ್ತಿದರು. ಹತ್ತನೇ ಶತಮಾನದಲ್ಲಿ ಮಣಲೇರ ಎಂಬ ವೀರನು ತನ್ನ ದೊರೆಯಿಂದ ಕೇಳಿ ಪಡೆದ ಕಾಳಿ ಎಂಬ ನಾಯಿ ಕಾಡುಹಂದಿಯ ಜೊತೆ ಹೋರಾಡಿ ಎರಡೂ ಸತ್ತವು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಆ ನಾಯಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿದೆ. ಕಲ್ಲಿಗೆ ಪೂಜೆ ಮಾಡದೆ ಉಂಡ ಗೊರವನಿಗೆ ನಾಯಿಯ ಪಾಪ ತಟ್ಟಲಿ ಎಂದೂ ಅದರಲ್ಲಿ ಬರೆದಿದೆ. ಮೇಷ್ಟ್ರು ನಾಯಿಯ ಶೌರ್ಯದ ಬಗ್ಗೆ ಇನ್ನೂ ಹೇಳುವವರಿದ್ದರು. ದೊಡ್ಡಪ್ಪನಿಗೆ ಬೇಕಾದ್ದು ಸಿಕ್ಕಿಬಿಟ್ಟಿತ್ತು. ‘ಕೇಳಿದ್ರಾ? ಸಾವಿರ ವರ್ಷದ ರಿಕಾರ್ಡು. ದುಡಿದ ನಾಯಿಗೆ ಮೊದಲು, ಆಮೇಲೆ ಉಳಿದೋರ ಊಟ. ಹಿರೀ ನಾಯಿಗೆ ಮೊದಲು ಅನ್ನ, ಮೊದಲು ಮಾತು, ಬೂದಿ ಮೇಲೆ ಮೊದಲ ಹಕ್ಕು. ಕಿರಿಯೋನು ಉಳಿದದ್ದರಲ್ಲಿ ಸುಖವಾಗಿರ್ಲಿ.’ ಸಮಪಾಲಿನ ಕಾನೂನು ಗೊತ್ತಿದ್ದ ಬೆಂಗಳೂರಿನ ಹುಡುಗ ಆಕ್ಷೇಪ ಎತ್ತಿದ. ‘ಅದು ಮನುಷ್ಯರಿಗೆ ಕಣಪ್ಪ. ಅದನ್ನು ನಂಬಿ ಯಾವ ಮನೆ ಒಗ್ಗಟ್ಟಾಗಿದೆ ಹೇಳು?’

ಇಷ್ಟೆಲ್ಲ ತೀರ್ಪಾದ ಮೇಲೆ ಕೊನೆಯ ಕಲಮನ್ನು ಕರಿಯನೇ ಬರೆದ. ಚಾರ್ಲಿ ಮತ್ತೆ ಕಿವಿಗೆ ನೇತುಬಿದ್ದಾಗ ಒಂದೇ ಸಲ ತಿರುಗಿ, ಹಲ್ಲು ತಾಗಿಸದೆ ನೆಲಕ್ಕೆ ಒತ್ತಿ ಹಿಡಿದು ಬಿಟ್ಟ. ಚಾರ್ಲಿ ನಾಲ್ಕು ಕಾಲೂ ಮೇಲಕ್ಕೆತ್ತಿ ಹೊಟ್ಟೆ ತೋರಿಸಿದ. ಎದ್ದವನು ಮೈ ಕೊಡವಿ, ಇಷ್ಟು ದಿನ ಇದನ್ನೇ ಯಾಕೆ ಯಾರೂ ಹೇಳಲಿಲ್ಲ ಎಂಬ ಹಾಗೆ ಬಾಲ ಅಲ್ಲಾಡಿಸಿದ. ಆಮೇಲೆ ಇಬ್ಬರೂ ಸೇರಿ ಬೊಗಳಲು ಒಬ್ಬರು ಬೇಕಿತ್ತು. ಎಲೆಅಡಿಕೆ ಹಾಕಿಕೊಳ್ಳಲು ಬಂದ ದೊಡ್ಡಪ್ಪನೇ ಸಿಕ್ಕಿದ. ಅವನಿಗೆ ಅದರಿಂದ ಬೇಸರವಾಗಲಿಲ್ಲ. ‘ನ್ಯಾಯ ಸರಿಯಾಗಿ ಆಯ್ತು ಅನ್ನೋದಕ್ಕೆ ಇದೇ ಗುರುತು. ಎರಡೂ ಪಾರ್ಟಿ ಸೇರಿ ಪಂಚನ್ನ ಬೈತಾರೆ’ ಎಂದು ಫೀಜಿನ ಬಾಬ್ತು ನಾಲ್ಕು ತೆಂಗಿನಕಾಯಿ ಚೀಲಕ್ಕೆ ಹಾಕಿಕೊಂಡ.

ಈಗ ಯಗಟಿ, ಪಂಚನಹಳ್ಳಿ ಕಡೆಯಿಂದಲೂ ನಾಯಿ ಕೇಸುಗಳು ಬರುತ್ತಿವೆ. ದೊಡ್ಡಪ್ಪನ ನಡಿಗೆಯೇ ಬದಲಾಗಿದೆ.

ಒಂದು ಲಕ್ಷಣ ಹೇಳುವುದು ಬಿಟ್ಟಿದ್ದೆ. ನ್ಯಾಯದ ದೊಡ್ಡಪ್ಪ ಎನಿಸಿಕೊಂಡವನಿಗೆ ಸ್ವಂತ ತಮ್ಮನ ಜೊತೆ ಮಾತಿರುವುದಿಲ್ಲ. ನಮ್ಮವನದ್ದೂ ಬದುವಿನ ಮೇಲಿನ ಒಂದು ತೆಂಗಿನಮರದ ತಕರಾರು. ಮರ ಕಾಯಿ ಬಿಡುವುದನ್ನು ನಿಲ್ಲಿಸಿದೆ, ಕೋರ್ಟಿನ ವಾಯಿದೆ ನಿಂತಿಲ್ಲ. ಮೊನ್ನೆ ಗುಡಿ ಮುಂದೆ ಯಾರೋ ಧೈರ್ಯ ಮಾಡಿ ಕೇಳಿಯೇಬಿಟ್ಟರು. ‘ದೊಡ್ಡಪ್ಪ, ನೀವಿಬ್ಬರೂ ಒಂದು ಸಂಜೆ ಕೆರೆ ಏರಿ ಮೇಲೆ ಯಾಕೆ ನಡೀಬಾರದು, ಹತ್ತು ಮಾರು ಬಿಟ್ಟು?’

ದೊಡ್ಡಪ್ಪ ಎಲೆಗೆ ಸುಣ್ಣ ಹಚ್ಚುತ್ತ, ‘ನಡೀಬಹುದಪ್ಪ. ಅವನ ಕೊರಳಿಗೆ ಕಣ್ಣಿ ಹಾಕೋರು ಯಾರು?’ ಎಂದ.

ಮಾತು ಸಂಜೆಯೊಳಗೆ ತಮ್ಮನ ಕಿವಿಗೂ ಬಿತ್ತು. ತಮ್ಮ ಕೂಡಲೇ ಒಪ್ಪಿದ, ಒಂದೇ ಷರತ್ತಿನ ಮೇಲೆ. ‘ಎಲ್ಲದರಲ್ಲೂ ಹಿರಿಯೋನಿಗೆ ಮೊದಲು ಅಂತ ಅವನೇ ತೀರ್ಪು ಕೊಟ್ಟಿದ್ದಾನಲ್ಲ, ಕಣ್ಣೀನೂ ಮೊದಲು ಅವನಿಗೇ ಹಾಕ್ರಿ.’