ಮೆಷಿನ್ ಆಮೇಲೆ ಬರಲಿ, ಅಕ್ಕಾ

ಹೌದಾ ಅಕ್ಕಾ, ನಿಮ್ಮ ಮಗ ಬೆಂಗಳೂರಿನ ಕೆಲಸ ಬಿಟ್ಟು ಊರಲ್ಲೇ ಹಲಸಿನ ಚಿಪ್ಸ್ ಮಾಡ್ತಾನಂತೆ? ನನಗಂತೂ ಕೇಳಿ ಖುಷಿಯಾಯ್ತು. ನಮ್ಮ ಬೆಳ್ತಂಗಡಿಯಲ್ಲಿ ಹಲಸು ಮರದ ಬುಡದಲ್ಲೇ ಬಿದ್ದು ಕೊಳೆಯುವುದನ್ನು ವರ್ಷವೂ ನೋಡ್ತೇವೆ, ಯಾರಾದರೂ ಕೈಹಾಕಬೇಕಿತ್ತು. ಆದರೆ ಮೆಷಿನಿಗೆ ಕೊಟೇಶನ್ ತರಿಸಿದ್ದಾನೆ, ಹಿತ್ತಿಲಲ್ಲಿ ಶೆಡ್ಡಿಗೆ ಅಳತೆ ಹಾಕಿದ್ದಾನೆ ಅಂದಿರಲ್ಲ, ಅಲ್ಲಿ ಸ್ವಲ್ಪ ತಡೆಯಲು ಹೇಳಿ. ಮೊದಲು ಅವನು ಉಜಿರೆಗೆ ಹೋಗಿ ಬರಲಿ.

ಉಜಿರೆಯ ಸಿದ್ಧವನದಲ್ಲಿ ರುಡ್‌ಸೆಟ್ ತರಬೇತಿ ಸಂಸ್ಥೆ ಉಂಟಲ್ಲ, ಬಸ್ಸಿನಲ್ಲಿ ಅದರ ಎದುರೇ ಎಷ್ಟು ಸಲ ಹೋಗಿದ್ದೇವೆ! 1982ರಲ್ಲಿ ಧರ್ಮಸ್ಥಳದ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಮೂರೂ ಸೇರಿ ಕಟ್ಟಿದ್ದು. ಕೆಲಸ ಇಲ್ಲದ ಹುಡುಗರಿಗೆ ಕೆಲಸ ಹುಡುಕಿಕೊಡುವ ಬದಲು ಸ್ವಂತ ಉದ್ಯೋಗ ಮಾಡಲು ಕಲಿಸಬೇಕು ಅಂತ ಧರ್ಮಸ್ಥಳದ ಧರ್ಮಾಧಿಕಾರಿ ವೀರೇಂದ್ರ ಹೆಗ್ಗಡೆಯವರು ಮುಂದೆ ನಿಂತು ಮಾಡಿಸಿದರು. ಅದೇ ಮಾದರಿ ಹಿಡಿದು ಕೇಂದ್ರ ಸರಕಾರ ದೇಶದ ಜಿಲ್ಲೆ ಜಿಲ್ಲೆಯಲ್ಲಿ ಬ್ಯಾಂಕುಗಳಿಂದ ಆರ್‌ಸೆಟಿ ಎಂಬ ತರಬೇತಿ ಕೇಂದ್ರಗಳನ್ನು ತೆರೆಸಿತು. ಈಗ ಅಂಥವು ಐನೂರಕ್ಕೂ ಹೆಚ್ಚು. ಇಡೀ ದೇಶ ಕಲಿತದ್ದು ನಮ್ಮ ತಾಲೂಕಿನಿಂದ ಅಕ್ಕಾ, ನಮ್ಮ ಮಕ್ಕಳಿಗೆ ಮಾತ್ರ ಅದು ಬಸ್‌ಸ್ಟಾಪಿನ ಹೆಸರಾಗಿಯೇ ಉಳಿದದ್ದು ನನಗೆ ಬೇಸರ.

ಅಲ್ಲಿ ಟೈಲರಿಂಗೋ ಮೊಬೈಲ್ ರಿಪೇರಿಯೋ, ಕೈಕೆಲಸ ಕಲಿಸುವುದು ಅರ್ಧ ಮಾತ್ರ. ಉಳಿದ ಅರ್ಧದಲ್ಲಿ ಒಂದು ಆಟ ಉಂಟು. ಗೂಟ ನೆಟ್ಟು ಕೈಗೆ ರಿಂಗ್ ಕೊಡ್ತಾರೆ. ಎಲ್ಲಿ ನಿಂತು ಎಸೆಯಬೇಕು ಅನ್ನುವುದು ನಿಮ್ಮ ತೀರ್ಮಾನ, ದೂರ ಹೋದಷ್ಟೂ ಅಂಕ ಹೆಚ್ಚು. ಗೂಟದ ಪಕ್ಕದಲ್ಲೇ ನಿಂತು ಹಾಕಿದವನಿಗೆ ಹೆಚ್ಚೇನೂ ಸಿಗುವುದಿಲ್ಲ. ಮೂಲೆಯಿಂದ ಎಸೆದವನದು ಬರೀ ಅದೃಷ್ಟದ ಮೇಲಿನ ನಂಬಿಕೆ. ಎರಡು ಸಲ ಎಸೆದು ನೋಡಿ, ತನ್ನ ಕೈಯಳತೆ ತಿಳಿದು, ಸ್ವಲ್ಪ ಸ್ವಲ್ಪ ಹಿಂದೆ ಸರಿಯುವವನಿಗೆ ಉದ್ಯಮ ಹಿಡಿಸುತ್ತದೆ. ಇದರ ಹಿಂದೆ ಮೆಕ್ಲೆಲೆಂಡ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರ ವಿಚಾರ ಉಂಟು. ಸಾಧಿಸುವ ಹಂಬಲವನ್ನು ಕಲಿಸಿ ಬೆಳೆಸಬಹುದು ಅಂತ ಅವರು 1960ರ ದಶಕದಲ್ಲಿ ಆಂಧ್ರದ ಕಾಕಿನಾಡದ ಸಣ್ಣ ವ್ಯಾಪಾರಿಗಳಿಗೆ ತರಬೇತಿ ಕೊಡಿಸಿ ನೋಡಿದವರು. ಶೆಡ್ಡು, ಮೆಷಿನು, ಸಾಲ ಎಲ್ಲ ಒಂದೇ ಸಲ ತರುವ ನಿಮ್ಮ ಹುಡುಗ ಎಲ್ಲಿ ನಿಂತು ಎಸೀತಿದ್ದಾನೆ, ನೀವೇ ಹೇಳಿ.

ಆಮೇಲೆ ಮಾರುಕಟ್ಟೆ ಸಮೀಕ್ಷೆ ಅಂತ ಪೇಟೆಗೆ ಕಳಿಸ್ತಾರೆ. ನನ್ನ ಪ್ರಕಾರ ಇಡೀ ತಯಾರಿಯ ಜೀವ ಇದರಲ್ಲೇ ಉಂಟು. ಗುರುವಾಯನಕೆರೆ, ಉಜಿರೆ, ಧರ್ಮಸ್ಥಳದ ಅಂಗಡಿಗಳಿಗೆ ಅವನೇ ಹೋಗಲಿ, ಆಚೆ ಮೂಡುಬಿದಿರೆ, ಬಂಟ್ವಾಳಕ್ಕೂ ಹೋಗಲಿ. ಈಗ ಯಾರ ಚಿಪ್ಸ್ ಇಟ್ಟಿದ್ದೀರಿ? ದೊಡ್ಡ ಪ್ಯಾಕೆಟ್ ಹೋಗ್ತದಾ, ಸಣ್ಣದಾ? ನಿಮಗೆಷ್ಟು ಕಮಿಷನ್? ದುಡ್ಡು ಕೈಯಲ್ಲೇ ಕೊಡ್ತೀರಾ, ತಿಂಗಳು ಬಿಟ್ಟಾ? ಮಾರಾಟವಾಗದೆ ಮೆತ್ತಗಾದದ್ದನ್ನು ವಾಪಸ್ ಕೊಡ್ತೀರಾ? ಈ ಕೊನೆಯ ಎರಡಕ್ಕೆ ಉತ್ತರ ಗೊತ್ತಿಲ್ಲದೆ ಸಾಲ ತೆಗೆದವರು ಮೊದಲ ಮಳೆಗಾಲದಲ್ಲೇ ಸೋಲ್ತಾರೆ. ಮಾಲು ಅಂಗಡಿಯಲ್ಲಿ, ದುಡ್ಡು ಅಂಗಡಿಯವರ ಹತ್ತಿರ, ಬ್ಯಾಂಕಿನ ಕಂತು ಮಾತ್ರ ಮನೆ ಬಾಗಿಲಲ್ಲಿ.

ಮಳೆ ಅಂದಾಗ ನೆನಪಾಯ್ತು. ಚಿಪ್ಸಿಗೆ ಬಕ್ಕೆ ಹಲಸೇ ಆಗಬೇಕು, ಅದೂ ಬಲಿತ ಕಾಯಿ. ಮೆತ್ತನೆಯ ಬಿಳುವ ಆಗುವುದಿಲ್ಲ, ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿದರೆ ಕಾಯಿ ಹಣ್ಣಾಗಿ ನೀರು ಕುಡಿಯುತ್ತದೆ, ಹಪ್ಪಳ ಒಣಗಿಸಲು ಬಿಸಿಲೂ ಇಲ್ಲ. ಉಳಿದ ತಿಂಗಳು ಮೆಷಿನ್ ಏನು ಮಾಡಬೇಕು? ಬಾಳೆಕಾಯಿಯಾ, ಮರಗೆಣಸಾ? ಕಾರ್ತಿಕದ ಲಕ್ಷದೀಪೋತ್ಸವಕ್ಕೆ ಧರ್ಮಸ್ಥಳದಲ್ಲಿ ಜನ ಸೇರುವಾಗ ಮಾರಲು ಏನಿರುತ್ತದೆ? ಹನ್ನೆರಡು ತಿಂಗಳಿಗೆ ಹನ್ನೆರಡು ಗೆರೆ ಎಳೆದು ಅವನು ಇದನ್ನು ಬರೆಯಲಿ. ಖರ್ಚಿನ ಪಟ್ಟಿಯಲ್ಲಿ ಎಣ್ಣೆ, ಗ್ಯಾಸ್, ಪ್ಯಾಕೆಟ್, ಗಾಡಿ ಬಾಡಿಗೆ ಎಲ್ಲ ಬರೀತಾನೆ, ಕಾಯಿ ಕೊಯ್ದು ಮೇಣ ಬಿಡಿಸುವ ನಿಮ್ಮ ಕೂಲಿಯನ್ನು ಮಾತ್ರ ಬರೆಯುವುದಿಲ್ಲ. ಅದನ್ನು ಬರೆಸಿ ಅಕ್ಕಾ, ಜಗಳ ಮಾಡಿಯಾದರೂ ಬರೆಸಿ.

ಕಾಗದಪತ್ರ ಕಷ್ಟದ್ದಲ್ಲ. ಮನೆಯಲ್ಲಿ ಮಾಡಿ ಮಾರುವುದಾದರೂ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಸಣ್ಣ ಉದ್ಯಮಗಳ ‘ಉದ್ಯಮ್’ ನೋಂದಣಿಗೆ ಸರಕಾರ ಒಂದು ಪೈಸೆ ತೆಗೆದುಕೊಳ್ಳುವುದಿಲ್ಲ, ಮಧ್ಯದವರು ಕೇಳಿದರೆ ಕೊಡಬೇಡಿ.

ಸಾಲದ ವಿಷಯದಲ್ಲಿ ಒಂದು ಎಚ್ಚರ. ಸ್ವಂತ ಉದ್ಯೋಗಕ್ಕೆ ಸಾಲ ಕೊಡಿಸುವ ಕೇಂದ್ರದ ಪಿಎಂಇಜಿಪಿ ಯೋಜನೆಯಲ್ಲಿ ಹಳ್ಳಿಯ ಸಾಮಾನ್ಯ ವರ್ಗದವರಿಗೆ ಯೋಜನಾ ವೆಚ್ಚದ ಶೇ. 25, ಮಹಿಳೆಯರೂ ಸೇರಿದ ವಿಶೇಷ ವರ್ಗದವರಿಗೆ ಶೇ. 35 ಸಬ್ಸಿಡಿ. ಆದರೆ ಅದು ಕೈಗೆ ಬರುವ ದುಡ್ಡಲ್ಲ. ಮೂರು ವರ್ಷ ಬ್ಯಾಂಕಿನಲ್ಲಿ ಠೇವಣಿಯಾಗಿ ಕೂತು, ಘಟಕ ನಡೀತಾ ಉಂಟು ಅಂತ ಖಾತ್ರಿಯಾದ ಮೇಲೆ ಸಾಲಕ್ಕೆ ಜಮೆಯಾಗುತ್ತದೆ. ನಮ್ಮ ಪಾಲು ಬೇರೆ ಹಾಕಬೇಕು, ಸಾಮಾನ್ಯರಿಗೆ ಶೇ. 10, ವಿಶೇಷ ವರ್ಗಕ್ಕೆ ಶೇ. 5. ಆ ಪಾಲನ್ನು ಇವತ್ತಿನಿಂದಲೇ ದಿನಾ ಕೂಡಿಡಲಿ. ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿದಾಗ ಮನೆ ಮನೆಗೆ ಬಂದು ಕೇಳಿದ್ದು ದಿನಕ್ಕೆ ಎರಡಾಣೆ. ನಮ್ಮ ಜಿಲ್ಲೆಯಲ್ಲಿ ಎಷ್ಟೋ ಅಂಗಡಿಗಳ ಮೊದಲ ಬಂಡವಾಳ ಹಾಗೆ ಸೇರಿದ್ದು.

ಹಾಗಾಗಿ ಶೆಡ್ಡಿನ ಮೇಸ್ತ್ರಿಗೆ ಈಗಲೇ ಅಡ್ವಾನ್ಸ್ ಕೊಡಬೇಡಿ. ಈ ಸೀಸನ್ನಿನಲ್ಲಿ ನಿಮ್ಮ ಬಾಣಲೆಯಲ್ಲೇ ಕಾಯಿಸಿ, ನೂರು ಪ್ಯಾಕೆಟ್ ಮಾಡಿ, ಅವನ ಕೈಯಲ್ಲೇ ಮಾರಿಸಿ. ನಮ್ಮ ತೋಟದ ಎರಡು ಬಕ್ಕೆ ಮರವನ್ನೂ ಕೊಯ್ದುಕೊಳ್ಳಿ, ದುಡ್ಡು ಆಮೇಲೆ ನೋಡುವ. ಅಷ್ಟರೊಳಗೆ ಉಜಿರೆಗೆ ಹೋಗಿ ಅರ್ಜಿ ಕೊಟ್ಟು ಬರಲಿ. ಅಲ್ಲಿ ತರಬೇತಿಗೂ ಊಟಕ್ಕೂ ವಸತಿಗೂ ದುಡ್ಡು ಕೊಡಬೇಕಾಗಿಲ್ಲ.