ಬೀಗರು ಛತ್ರದಲ್ಲಿಲ್ಲ

ದಾವಣಗೆರೆಯಲ್ಲಿ ಹೆಣ್ಣಿನ ಕಡೆಯವರು ಛತ್ರದ ಬೆಳಗಿನ ತಿಂಡಿಗೆ ಎಷ್ಟು ಸುರಿದರೂ ದಂಡ. ಉಪ್ಪಿಟ್ಟು, ಕೇಸರಿಬಾತು ಹಬೆಯಾಡುತ್ತಾ ಕೂತಿರುತ್ತವೆ. ತಿನ್ನಬೇಕಾದ ಬೆಂಗಳೂರಿನ ಬೀಗರು ಆಟೋ ಹತ್ತಿ ಪರಾರಿ. ಎಲ್ಲಿಗ್ರೀ ಅಂದರೆ "ಇಲ್ಲೇ, ಸ್ವಲ್ಪ ವಾಕಿಂಗು" ಅಂತಾರೆ. ವಾಪಸ್ ಬಂದವರ ಕೈ ಮೂಸಿದರೆ ಸಾಕು, ಯಾವ ದಿಕ್ಕಿಗೆ ವಾಕಿಂಗ್ ಹೋಗಿದ್ದರೆಂದು ಬೆಣ್ಣೆಯೇ ಹೇಳುತ್ತದೆ.

"ನಮ್ಮ ಬೆಂಗಳೂರಲ್ಲೂ ಗಲ್ಲಿಗೊಂದು ದಾವಣಗೆರೆ ಬೆಣ್ಣೆದೋಸೆ ಇದೆ" ಅಂತ ಒಬ್ಬರು ಬೀಗರು ಮೀಸೆ ತಿರುವಿದರು. ಬೋರ್ಡು ಇದೆ ಬಿಡ್ರಿ! ಇಲ್ಲಿ ಬಂದು ಸೌದೆ ಒಲೆಯ ಮುಂದೆ ನಿಂತು ನೋಡ್ರಿ. ಅಕ್ಕಿ, ಉದ್ದಿನ ಜತೆ ಮಂಡಕ್ಕಿಯನ್ನೂ ಹಾಕಿ ರುಬ್ಬಿದ ಹಿಟ್ಟು ಕಾವಲಿಗೆ ಬಿದ್ದು ತೂತು ತೂತಾಗುವ ಹೊತ್ತಿಗೆ ಬೆಣ್ಣೆ. ಅಂಚು ಕೆಂಪಗಾದಾಗ ಇನ್ನಷ್ಟು ಬೆಣ್ಣೆ. ತಟ್ಟೆಗೆ ಬಂದಮೇಲೆ ನೆತ್ತಿಗೊಂದು ಮುದ್ದೆ, ಅದು ಜಾರುತ್ತಾ ಜಾರುತ್ತಾ ಬಿಳಿ ಆಲೂಗಡ್ಡೆ ಪಲ್ಯದ ತನಕ ಬರುತ್ತದೆ. ಜತೆಗೆ ಕಾಯಿ ಚಟ್ನಿ. ಸಾಂಬಾರ್ ಮಾತ್ರ ಕೇಳಬೇಡ್ರಿ, ಇಡೀ ಹೋಟೆಲು ತಿರುಗಿ ನೋಡುತ್ತದೆ. ಬೆಳಗಾವಿ ಕಡೆಯಿಂದ ಬಂದ ಚೆನ್ನಮ್ಮ ಎಂಬಾಕೆ 1928ರ ಸುಮಾರಿಗೆ ಇಲ್ಲಿ ರಾಗಿದೋಸೆ ಹಾಕಲು ಶುರು ಮಾಡಿದ್ದೇ ಇದಕ್ಕೆಲ್ಲ ಮೂಲವಂತೆ. ರಾಗಿಯಿಂದ ಬೆಣ್ಣೆಗೆ ಬಂದದ್ದು ಡಾಕ್ಟರು ಮೆಚ್ಚುವ ಪ್ರಗತಿಯಲ್ಲ, ಇರಲಿ.

ಸಂಜೆ ಆರತಕ್ಷತೆಗೆ ಮೊದಲು ಮಂಡಕ್ಕಿ-ಮಿರ್ಚಿ. ಕಾದ ಮರಳಲ್ಲಿ ಅರಳಿದ ಮಂಡಕ್ಕಿ ಇಲ್ಲಿನ ಭಟ್ಟಿಗಳಿಂದ ಊರೂರಿಗೆ ಹೋಗುತ್ತದೆ. ಖಾರ ಮಂಡಕ್ಕಿಯೋ ನರ್ಗಿಸ್ ಮಂಡಕ್ಕಿಯೋ ಎಂದು ಕೇಳುವ ಅಂಗಡಿಯವನಿಗೆ "ಯಾವುದಾದ್ರೂ ಸರಿ" ಎಂದರೆ ಹೊರಗಿನವರೆಂದು ಗೊತ್ತಾಗಿಬಿಡುತ್ತದೆ. ಎಣ್ಣೆಯಿಂದ ಆಗ ತಾನೇ ಎದ್ದ ಮಿರ್ಚಿಯನ್ನು ತೊಟ್ಟು ಹಿಡಿದು ಕಚ್ಚಿದ ರೇಷ್ಮೆ ಸೀರೆಯ ಬೀಗಿತ್ತಿಯೊಬ್ಬರು ಕಣ್ಣೀರು ಸುರಿಸಿದ್ದನ್ನು ನೋಡಿ, ನಮ್ಮ ಅತ್ತಿಗೆ "ಮಗನ್ನ ಕೊಟ್ಟು ಹೋಗ್ತಾ ಇದೀವಿ ಅಂತ ಅಳ್ತಾರೇನೋ ಪಾಪ" ಅಂದರು. ನಿಂಬೆ ಸೋಡಾ ಕುಡಿಸಿ ಸಮಾಧಾನ ಮಾಡಬೇಕಾಯಿತು.

ನೋಡುವುದಕ್ಕೇನಿದೆ ಅಂತೀರಾ? ದುಗ್ಗಮ್ಮನ ಗುಡಿಗೆ ಹೋಗಿ ಕೈ ಮುಗೀರಿ, ಊರ ದೇವತೆ. ಕುಂದುವಾಡ ಕೆರೆ ಕಡೆಯ ಗಾಜಿನಮನೆಯಲ್ಲಿ ಫೋಟೋ ತೆಗೆಸಿಕೊಳ್ರಿ. ಲಾಲ್‌ಬಾಗಿನದರ ಮುಂದೆ ನಮ್ಮದೇ ದೊಡ್ಡದು ಅಂತ ನಾವು ವಾದ ಮಾಡುತ್ತೇವೆ, ತಯಾರಾಗಿ ಬನ್ರಿ. ಸೂಳೆಕೆರೆ ಚೆನ್ನಾಗಿದೆ, ಆದರೆ ಚನ್ನಗಿರಿ ತಾಲ್ಲೂಕಿನ ತನಕ ಹೋದರೆ ಮುಹೂರ್ತ ತಪ್ಪೀತು.

ಹರಿಹರ ಹಾಗಲ್ಲ, ಹದಿನಾಲ್ಕೇ ಕಿಲೋಮೀಟರು. ತುಂಗಭದ್ರೆಯ ದಂಡೆಯ ಹರಿಹರೇಶ್ವರ ಗುಡಿಯನ್ನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ. ಹರಿಯಿಂದಲೂ ಹರನಿಂದಲೂ ಸಾವಿಲ್ಲವೆಂದು ವರ ಪಡೆದ ಗುಹಾಸುರನನ್ನು ಕೊಲ್ಲಲು ಇಬ್ಬರೂ ಒಂದೇ ಮೈಯಾಗಿ ಬಂದರಂತೆ. ಬಲಕ್ಕೆ ಹರ, ಎಡಕ್ಕೆ ಹರಿ. ಮಂಟಪದಲ್ಲಿ ಯಾರ ಕುರ್ಚಿ ಯಾವ ಕಡೆ ಎಂದು ನಿನ್ನೆ ರಾತ್ರಿ ಹನ್ನೊಂದರ ತನಕ ಮುನಿಸಿಕೊಂಡಿದ್ದ ಗಂಡಿನ ಸೋದರಮಾವನನ್ನು ಮೊದಲು ಅಲ್ಲಿಗೇ ಕಳಿಸಬೇಕು.

ಹೋಗೋದಾದರೆ ಎಲ್ಲರೂ ಹೋಗ್ರಿ, ಬೀಗರೇ. ಮದುಮಗನೊಬ್ಬನನ್ನ ಬಿಟ್ಟು ಹೋಗ್ರಿ. ತಾಳಿ ಕಟ್ಟಿದ ಮೇಲೆ ಅವನನ್ನ ನಾವೇ ದೋಸೆಗೆ ಕರಕೊಂಡು ಹೋಗ್ತೀವಿ.